ನಿಂತಲ್ಲೇ ಹಾರುವ ಹಠ: ಇಗೋರ್ ಸಿಕೋರ್ಸ್ಕಿ

2019ರ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕಕ್ಕೆ ನೆರೆ ಬಂದಾಗ ಟೀವಿಯಲ್ಲಿ ನಾವೆಲ್ಲ ಒಂದು ದೃಶ್ಯ ನೋಡಿದ್ವಿ. ಸುತ್ತ ಕೆಂಪು ನೀರು, ನಡುವೆ ಸಿಕ್ಕಿಕೊಂಡ ಜನ, ಮೇಲೆ ಅಲ್ಲಾಡದೆ ನಿಂತ ಹೆಲಿಕಾಪ್ಟರ್. ಹೆಲಿಕಾಪ್ಟರ್ ಅಂದ್ರೆ ನಮಗೆ ಈಗ ಅಷ್ಟು ಸಹಜ. ಚುನಾವಣೆ ಬಂದ್ರೆ ನಾಯಕರನ್ನ ಇಳಿಸುತ್ತೆ, ಪ್ರವಾಹ ಬಂದ್ರೆ ಜನರನ್ನ ಎತ್ತುತ್ತೆ, ಸಿನಿಮಾದಲ್ಲಿ ವಿಲನ್‌ನ ತಪ್ಪಿಸಿಕೊಂಡು ಹೋಗೋಕೆ ಬಿಡುತ್ತೆ. ಆದರೆ ಆ ಯಂತ್ರ ಹಾಗೆ ಗಾಳಿಯಲ್ಲಿ ನಿಲ್ಲೋಕೆ ಕಲಿತದ್ದರ ಹಿಂದೆ, ನಮ್ಮ ವಯಸ್ಸಿನಲ್ಲಿ ಎರಡು ಸಲ ಸೋತು, ಇಪ್ಪತ್ತೊಂಬತ್ತು ವರ್ಷ ಬಿಟ್ಟು, ಐವತ್ತನೇ ವಯಸ್ಸಿನಲ್ಲಿ ಅದೇ ಕೆಲಸಕ್ಕೆ ಮತ್ತೆ ಕೈ ಹಾಕಿದ ಒಬ್ಬ ಎಂಜಿನಿಯರ್ ಇದ್ದಾರೆ. ಅವರ ಹೆಸರು ಇಗೋರ್ ಸಿಕೋರ್ಸ್ಕಿ. ಈ ಸಲ ನಮ್ಮ ಅಂಕಣದಲ್ಲಿ ಅವರದೇ ಕಥೆ.

ಒಂದು ಮಾತು ಮೊದಲೇ ಹೇಳಿಬಿಡೋಣ. ಹೆಲಿಕಾಪ್ಟರ್ ಅನ್ನು ಕಂಡುಹಿಡಿದದ್ದು ಸಿಕೋರ್ಸ್ಕಿ ಅಂತ ಕ್ವಿಜ್‌ನಲ್ಲಿ ಬರೆದರೆ ಅಂಕ ಸಿಗಬಹುದು, ಆದರೆ ಅದು ಪೂರ್ತಿ ಸರಿಯಲ್ಲ. ಫ್ರಾನ್ಸಿನ ಪಾಲ್ ಕೊರ್ನು 1907ರಲ್ಲೇ ಪ್ರಯತ್ನ ಮಾಡಿದ್ದರು. ಸ್ಪೇನಿನ ಹುವಾನ್ ದೆ ಲಾ ಸಿಯೆರ್ವಾ ಆಟೋಜೈರೋ ಹಾರಿಸಿದ್ದರು. ಜರ್ಮನಿಯ ಫೋಕೆ-ವುಲ್ಫ್ 61 ಎಂಬ ಯಂತ್ರ 1936ರಲ್ಲೇ ಚೆನ್ನಾಗಿ ಹಾರಿತ್ತು. ಸಿಕೋರ್ಸ್ಕಿ ಮಾಡಿದ್ದು ಬೇರೆ. ಪ್ರಯೋಗಶಾಲೆಯ ಕುತೂಹಲವಾಗಿದ್ದ ಒಂದು ವಸ್ತುವನ್ನ ಕಾರ್ಖಾನೆಯಲ್ಲಿ ಸಾಲಾಗಿ ತಯಾರಾಗುವ, ಅಂಚೆ ಹೊರುವ, ಟಿಕೆಟ್ ತಗೊಂಡು ಜನ ಹತ್ತುವ ವಾಹನವನ್ನಾಗಿ ಮಾಡಿದರು. ನಾವು ಎಂಜಿನಿಯರಿಂಗ್ ಅಂತ ಓದ್ತಿರೋದು ಬಹುಪಾಲು ಇದನ್ನೇ ಅಲ್ವಾ?

ಕೀವ್‌ನ ಹುಡುಗ

ಇಗೋರ್ ಹುಟ್ಟಿದ್ದು 1889ರ ಮೇ 25ರಂದು, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ ಕೀವ್ ನಗರದಲ್ಲಿ. ಅಪ್ಪ ಇವಾನ್ ಮನೋವೈದ್ಯಶಾಸ್ತ್ರದ ಪ್ರಾಧ್ಯಾಪಕರು, ಹೆಸರು ಮಾಡಿದವರು. ಅಮ್ಮನೂ ವೈದ್ಯಕೀಯ ಓದಿದವರು, ಆದರೆ ವೃತ್ತಿ ಮಾಡದೆ ಮಕ್ಕಳಿಗೆ ತಾವೇ ಪಾಠ ಹೇಳಿಕೊಟ್ಟವರು. ಲಿಯೊನಾರ್ಡೊ ಡಾ ವಿಂಚಿ ಗೀಚಿದ್ದ ಹಾರುವ ತಿರುಪಿನ ಕಥೆಯನ್ನ ಮಗನಿಗೆ ಹೇಳಿದ್ದು ಅವರೇ. ಜೂಲ್ಸ್ ವರ್ನ್‌ನ ಕಾದಂಬರಿಗಳೂ ಆ ಮನೆಯಲ್ಲಿದ್ದವು. ಹನ್ನೆರಡನೇ ವಯಸ್ಸಿಗೆ ಹುಡುಗ ರಬ್ಬರ್ ಬ್ಯಾಂಡ್ ತಿರುಚಿ ಮೇಲೇರುವ ಪುಟ್ಟ ಹೆಲಿಕಾಪ್ಟರ್ ಮಾದರಿ ಮಾಡಿದ್ದ.

ಚಿಕ್ಕವನಿದ್ದಾಗ ಅವನಿಗೆ ಒಂದು ಕನಸು ಬಿದ್ದಿತ್ತಂತೆ. ದೊಡ್ಡ ಹಡಗಿನಂಥ ಒಂದು ಹಾರುವ ಯಂತ್ರ, ಅದರೊಳಗೆ ಉದ್ದದ ಓಣಿ, ಮರದ ಬಾಗಿಲುಗಳು, ನಸುನೀಲಿ ಬೆಳಕು. ಮನೆಯವರು ಅಂಥದ್ದೊಂದು ಇಲ್ಲವೇ ಇಲ್ಲ, ಮನುಷ್ಯನಿಂದ ಅದು ಆಗದು ಅಂದರು. ಆ ಕಾಲಕ್ಕೆ ಅವರು ಹೇಳಿದ್ದು ಸರಿಯೇ. ರೈಟ್ ಸಹೋದರರು ಹಾರೋದಕ್ಕೆ ಇನ್ನೂ ವರ್ಷಗಳಿದ್ದವು.

ಸೇಂಟ್ ಪೀಟರ್ಸ್‌ಬರ್ಗ್‌ನ ನೌಕಾ ಅಕಾಡೆಮಿಯಲ್ಲಿ ಮೂರು ವರ್ಷ ಓದಿ, ಇದು ನನ್ನ ದಾರಿಯಲ್ಲ ಅಂತ ಬಿಟ್ಟ. ಆಮೇಲೆ ಕೀವ್ ಪಾಲಿಟೆಕ್ನಿಕ್ ಸೇರಿದ. ಅಲ್ಲೂ ಸಮಾಧಾನ ಸಿಗಲಿಲ್ಲ. ಬೋರ್ಡಿನ ಮೇಲಿನ ಗಣಿತಕ್ಕೂ ಕೈಯಲ್ಲಿ ಹಿಡಿಯುವ ಯಂತ್ರಕ್ಕೂ ಸಂಬಂಧವೇ ಕಾಣ್ತಿಲ್ಲ ಅನ್ನೋದು ಅವನ ದೂರು. ಈ ದೂರು ನಮ್ಮ ಹಾಸ್ಟೆಲ್ ಕಾರಿಡಾರಿನಲ್ಲಿ ದಿನಾ ಕೇಳೋದೇ ಬಿಡಿ. 1908ರಲ್ಲಿ ಅಪ್ಪನ ಜೊತೆ ಜರ್ಮನಿಗೆ ಹೋದಾಗ ಅವನಿಗೆ ರೈಟ್ ಸಹೋದರರ ಹಾರಾಟದ ಸುದ್ದಿ ಸಿಕ್ತು. ಬದುಕಿನ ದಾರಿ ಆಗಲೇ ತೀರ್ಮಾನವಾಯ್ತು. ಆದರೆ ಅವನು ವಿಮಾನದಿಂದ ಶುರು ಮಾಡಲಿಲ್ಲ, ಹೆಲಿಕಾಪ್ಟರ್‌ನಿಂದ ಶುರು ಮಾಡಿದ.

ಎರಡು ಸೋಲು, ಒಂದು ಸೊಳ್ಳೆ

ಅಕ್ಕ ಓಲ್ಗಾ ದುಡ್ಡು ಕೊಟ್ಟಳು. 1909ರಲ್ಲಿ ಪ್ಯಾರಿಸ್‌ಗೆ ಹೋಗಿ 25 ಅಶ್ವಶಕ್ತಿಯ ಅಂಜಾನಿ ಎಂಜಿನ್ ಕೊಂಡು ತಂದ. ಆ ವರ್ಷ ಕಟ್ಟಿದ ಮೊದಲ ಹೆಲಿಕಾಪ್ಟರ್ ಗಡಗಡ ನಡುಗಿತು, ನೆಲ ಬಿಡಲಿಲ್ಲ. 1910ರಲ್ಲಿ ಕಟ್ಟಿದ ಎರಡನೆಯದು ತನ್ನ ತೂಕವನ್ನಷ್ಟೇ ಎತ್ತಿಕೊಂಡಿತು. ಚಾಲಕ ಕೂತರೆ ಏಳಲಿಲ್ಲ. ಎಂಜಿನ್ ಕೊಡುವ ಶಕ್ತಿಗೆ ಅದರ ತೂಕ ತುಂಬಾ ಜಾಸ್ತಿ, ಲೋಹಗಳು ಭಾರ, ರೋಟರ್ ಬಗ್ಗೆ ಲೆಕ್ಕ ಹಾಕೋಕೆ ಸಿದ್ಧಾಂತವೇ ಇಲ್ಲ. ಇಪ್ಪತ್ತೊಂದು ವರ್ಷದ ಹುಡುಗ ಅದನ್ನ ಒಪ್ಪಿಕೊಂಡ. ಇದಕ್ಕೆ ಕಾಲ ಬಂದಿಲ್ಲ ಅಂತ ಹೆಲಿಕಾಪ್ಟರ್ ಬದಿಗಿಟ್ಟು ರೆಕ್ಕೆಯ ವಿಮಾನದ ಕಡೆ ತಿರುಗಿದ.

ಅಲ್ಲೂ ಮೊದಲ ವಿಮಾನ ಹಾರಲಿಲ್ಲ, ಎರಡನೆಯದು ಕೆಲವೇ ಸೆಕೆಂಡು ಹಾರಿ ಕೊನೆಗೆ ಒಡೆದುಹೋಯಿತು. ಕಟ್ಟೋದು, ಹಾರಿಸೋದು, ಬೀಳೋದು, ಮುರಿದದ್ದರಲ್ಲಿ ಎಂಜಿನ್ ಬಿಚ್ಚಿಕೊಂಡು ಮತ್ತೆ ಕಟ್ಟೋದು. ತಾನು ವಿನ್ಯಾಸ ಮಾಡಿದ್ದನ್ನ ತಾನೇ ಮೊದಲು ಹಾರಿಸಬೇಕು ಅನ್ನೋದು ಅವರ ನಿಯಮ. 1911ರಲ್ಲಿ ಎಸ್-5 ಎಂಬ ಐದನೇ ವಿಮಾನ ಸರಿಯಾಗಿ ಹಾರಿತು. ಅದರಲ್ಲೇ ಅವರಿಗೆ ಪೈಲಟ್ ಲೈಸೆನ್ಸ್ ಬಂತು, ನಂಬರು 64.

ಆ ಎಸ್-5ರ ಒಂದು ಹಾರಾಟದಲ್ಲಿ ಎಂಜಿನ್ ಇದ್ದಕ್ಕಿದ್ದಂತೆ ನಿಂತುಹೋಯಿತು. ಹೇಗೋ ಇಳಿಸಿ ಬಿಚ್ಚಿ ನೋಡಿದರೆ ಪೆಟ್ರೋಲಿನಲ್ಲಿ ಬಿದ್ದಿದ್ದ ಒಂದು ಸೊಳ್ಳೆ ಕಾರ್ಬ್ಯುರೇಟರಿನ ಸಣ್ಣ ತೂತಿಗೆ ಅಡ್ಡ ಸಿಕ್ಕಿಕೊಂಡಿತ್ತು. ಬೇರೆ ಯಾರಾದರೂ ಫಿಲ್ಟರ್ ಹಾಕಿ ಸುಮ್ಮನಾಗ್ತಿದ್ದರು. ಸಿಕೋರ್ಸ್ಕಿ ಕೇಳಿಕೊಂಡ ಪ್ರಶ್ನೆ ದೊಡ್ಡದು. ಒಂದು ಸೊಳ್ಳೆ ಒಬ್ಬ ಮನುಷ್ಯನ ಪ್ರಾಣ ತೆಗೆಯುವಂತಿದ್ದರೆ ಆ ವಿನ್ಯಾಸದಲ್ಲೇ ತಪ್ಪಿದೆ. ಒಂದು ಎಂಜಿನ್ ನಿಂತರೂ ವಿಮಾನ ಹಾರ್ತಾ ಇರಬೇಕು. ನಾವು ರಿಲಯಬಿಲಿಟಿ ಪಾಠದಲ್ಲಿ ರಿಡಂಡೆನ್ಸಿ ಅಂತ ಓದ್ತೀವಲ್ಲ, ಅದು ಅವರಿಗೆ ಹೊಳೆದದ್ದು ಹೀಗೆ.

1912ರಲ್ಲಿ ರಷ್ಯಾ-ಬಾಲ್ಟಿಕ್ ವ್ಯಾಗನ್ ಕಾರ್ಖಾನೆ ಅವರನ್ನ ವಿಮಾನ ವಿಭಾಗದ ಮುಖ್ಯ ಎಂಜಿನಿಯರ್ ಮಾಡಿಕೊಂಡಿತು. 1913ರಲ್ಲಿ ನಾಲ್ಕು ಎಂಜಿನ್‌ಗಳ ವಿಮಾನವನ್ನ ಅವರು ಹಾರಿಸಿದರು, ಲೋಕದಲ್ಲೇ ಮೊದಲನೆಯದು. ಅಷ್ಟು ದೊಡ್ಡದು ಏಳೋದೇ ಇಲ್ಲ ಅಂದವರು ಬಾಯಿ ಮುಚ್ಚಿದರು. ತ್ಸಾರ್ ನಿಕೊಲಾಸ್ ಬಂದು ನೋಡಿ ಚಿನ್ನದ ಕೈಗಡಿಯಾರ ಕೊಟ್ಟ. ಆ ವಿಮಾನದ ಅಂತ್ಯವೂ ವಿಚಿತ್ರ. ನೆಲದ ಮೇಲೆ ನಿಂತಿದ್ದಾಗ, ಮೇಲೆ ಹಾರ್ತಿದ್ದ ಇನ್ನೊಂದು ವಿಮಾನದ ಎಂಜಿನ್ ಕಳಚಿಕೊಂಡು ಅದರ ಮೇಲೇ ಬಿತ್ತು! ನಂತರ ಬಂದದ್ದು ಇಲ್ಯಾ ಮುರೊಮೆಟ್ಸ್. 1914ರ ಜೂನ್‌ನಲ್ಲಿ ಅದು ಪೀಟರ್ಸ್‌ಬರ್ಗ್‌ನಿಂದ ಕೀವ್‌ಗೆ ಹೋಗಿ ವಾಪಸ್ ಬಂತು. ಪ್ರಯಾಣಿಕರಿಗಾಗಿ ಕಟ್ಟಿದ್ದು, ಅದರಲ್ಲಿ ಕೂರೋಕೆ ಕ್ಯಾಬಿನ್ ಇತ್ತು. ಆದರೆ ಕೆಲವೇ ವಾರಗಳಲ್ಲಿ ಮಹಾಯುದ್ಧ ಶುರುವಾಗಿ ಅದೇ ವಿಮಾನ ಬಾಂಬು ಹೊರುವ ವಿಮಾನವಾಯಿತು. ಇಂಥವು ಎಪ್ಪತ್ತಕ್ಕೂ ಹೆಚ್ಚು ತಯಾರಾದವು.

ಕೋಳಿ ಫಾರಂನಲ್ಲಿ ಕಾರ್ಖಾನೆ

ರಷ್ಯಾದಲ್ಲಿ ಕ್ರಾಂತಿ ಆಯ್ತು. ತ್ಸಾರ್ ಕೈಯಿಂದ ಗಡಿಯಾರ ತಗೊಂಡವರಿಗೆ ಅಲ್ಲಿ ಉಳಿಗಾಲ ಇರಲಿಲ್ಲ. 1918ರ ಮೊದಲಲ್ಲಿ ಸಿಕೋರ್ಸ್ಕಿ ಉತ್ತರದ ಮುರ್ಮಾನ್ಸ್ಕ್ ಬಂದರಿನಿಂದ ಹಡಗು ಹತ್ತಿದರು. ಹೆಂಡತಿ, ಪುಟ್ಟ ಮಗಳು ಹಿಂದೆ ಉಳಿದರು. ಫ್ರಾನ್ಸಿನಲ್ಲಿ ಒಂದು ವಿಮಾನದ ಕೆಲಸ ಸಿಕ್ಕಿತು, ಯುದ್ಧ ಮುಗಿದದ್ದೇ ಅದೂ ಹೋಯಿತು. 1919ರ ಮಾರ್ಚ್ 30ರಂದು ನ್ಯೂಯಾರ್ಕಿನಲ್ಲಿ ಇಳಿದಾಗ ವಯಸ್ಸು ಇಪ್ಪತ್ತೊಂಬತ್ತು. ಕೈಯಲ್ಲಿ ದುಡ್ಡಿಲ್ಲ, ಇಂಗ್ಲಿಷ್ ಸರಿಯಾಗಿ ಬರೋದಿಲ್ಲ, ಯುದ್ಧ ಮುಗಿದ ಮೇಲೆ ವಿಮಾನ ಬೇಕಾದವರೂ ಇಲ್ಲ. ರಷ್ಯಾದಿಂದ ಬಂದಿದ್ದ ಕೂಲಿ ಕಾರ್ಮಿಕರಿಗೆ ಸಂಜೆ ಹೊತ್ತು ಗಣಿತ ಹೇಳಿಕೊಟ್ಟು ಹೊಟ್ಟೆ ಹೊರೆದರು. ಒಂದು ದೇಶದ ಅತಿ ದೊಡ್ಡ ವಿಮಾನ ಕಟ್ಟಿದವರು ಇನ್ನೊಂದು ದೇಶದಲ್ಲಿ ಟ್ಯೂಷನ್ ಮೇಷ್ಟ್ರು.

1923ರಲ್ಲಿ ತಮ್ಮಂತೆಯೇ ನೆಲೆ ಕಳೆದುಕೊಂಡ ರಷ್ಯನ್ ಗೆಳೆಯರನ್ನ ಸೇರಿಸಿ ಕಂಪನಿ ಶುರು ಮಾಡಿದರು. ಜಾಗ ಲಾಂಗ್ ಐಲೆಂಡಿನ ಒಂದು ಕೋಳಿ ಫಾರಂ. ಕಬ್ಬಿಣ ಬಂದದ್ದು ಗುಜರಿಯಿಂದ, ಅದರಲ್ಲಿ ಹಳೇ ಮಂಚಗಳ ಆಂಗಲ್ ಪಟ್ಟಿಗಳೂ ಇದ್ದವು. ದುಡ್ಡು ಪೂರ್ತಿ ಖಾಲಿಯಾದಾಗ ಸಂಗೀತಗಾರ ಸೆರ್ಗೈ ರಾಖ್ಮನಿನೊಫ್ 5000 ಡಾಲರ್ ಕೊಟ್ಟು, ಕಂಪನಿಗೆ ಉಪಾಧ್ಯಕ್ಷ ಅಂತ ತಮ್ಮ ಹೆಸರನ್ನೂ ಕೊಟ್ಟರು. ಆ ಹೆಸರು ನೋಡಿ ಬೇರೆಯವರೂ ಒಂದಿಷ್ಟು ಹಾಕಿದರು.

1924ರ ಮೇ ತಿಂಗಳಲ್ಲಿ ಎಸ್-29-ಎ ಮೊದಲ ಸಲ ಹಾರುವ ದಿನ. ಸಂಬಳವಿಲ್ಲದೆ ದುಡಿದಿದ್ದ ಹುಡುಗರೆಲ್ಲ ನಾವೂ ಬರ್ತೀವಿ ಅಂತ ಒಳಗೆ ಹತ್ತಿಕೊಂಡರು. ಭಾರ ಜಾಸ್ತಿ ಅಂತ ಸಿಕೋರ್ಸ್ಕಿಗೆ ಗೊತ್ತಿತ್ತು, ಇಳಿಯಿರಿ ಅನ್ನೋಕೆ ಬಾಯಿ ಬರಲಿಲ್ಲ. ಹಳೇ ಎಂಜಿನ್‌ಗಳು ದಮ್ಮು ಕಟ್ಟಿ ವಿಮಾನ ಗಾಲ್ಫ್ ಮೈದಾನದಲ್ಲಿ ಬಿದ್ದು ಜಖಂ ಆಯಿತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಆಮೇಲೆ ಷೇರುದಾರರ ಸಭೆ ಕರೆದು, ಬಾಗಿಲಿಗೆ ಬೀಗ ಹಾಕಿ, ರಿಪೇರಿಗೆ ದುಡ್ಡು ಕೊಡೋವರೆಗೂ ಯಾರನ್ನೂ ಹೊರಗೆ ಬಿಡಲಿಲ್ಲವಂತೆ. ಸೆಪ್ಟೆಂಬರಿನಲ್ಲಿ ಅದೇ ವಿಮಾನ ಚೆನ್ನಾಗಿ ಹಾರಿತು.

ಎರಡು ವರ್ಷದ ನಂತರ ನಡೆದದ್ದು ಅಷ್ಟು ಸುಲಭವಾಗಿ ಮುಗಿಯಲಿಲ್ಲ. ನ್ಯೂಯಾರ್ಕ್-ಪ್ಯಾರಿಸ್ ನಡುವೆ ಎಲ್ಲೂ ಇಳಿಯದೆ ಹಾರಿದವರಿಗೆ 25,000 ಡಾಲರ್ ಬಹುಮಾನವಿತ್ತು. ಫ್ರಾನ್ಸಿನ ಯುದ್ಧವೀರ ರೆನೆ ಫಾಂಕ್‌ಗಾಗಿ ಸಿಕೋರ್ಸ್ಕಿ ಎಸ್-35 ಕಟ್ಟಿದರು. ಪರೀಕ್ಷೆ ಇನ್ನೂ ಮುಗಿದಿಲ್ಲ, ಪೂರ್ತಿ ಭಾರ ಹಾಕಿ ಒಮ್ಮೆಯೂ ಹಾರಿಸಿ ನೋಡಿಲ್ಲ, ಮುಂದಿನ ವಸಂತದವರೆಗೆ ಕಾಯೋಣ ಅನ್ನೋದು ಅವರ ಮನಸ್ಸು. ಆದರೆ ಪತ್ರಿಕೆಗಳು, ದುಡ್ಡು ಹಾಕಿದವರು, ಸ್ಪರ್ಧೆ, ಎಲ್ಲರಿಗೂ ಅವಸರ. 1926ರ ಸೆಪ್ಟೆಂಬರ್ 21ರ ಬೆಳಿಗ್ಗೆ ಪೂರ್ತಿ ಇಂಧನ ತುಂಬಿಕೊಂಡ ವಿಮಾನ ಓಡುತ್ತಲೇ ಚಕ್ರದ ಭಾಗ ಮುರಿದು, ರನ್‌ವೇ ಕೊನೆಯಲ್ಲಿ ಉರುಳಿ ಹೊತ್ತಿಕೊಂಡಿತು. ನಾಲ್ವರಲ್ಲಿ ಇಬ್ಬರು ಹೊರಗೆ ಬರಲಿಲ್ಲ. ಡೆಡ್‌ಲೈನ್ ಮುಂದೆ ಟೆಸ್ಟಿಂಗ್ ಬಿಟ್ಟುಕೊಡೋದು ಅಂದ್ರೆ ಏನು ಅಂತ ಆ ಬೆಳಿಗ್ಗೆ ಸಿಕೋರ್ಸ್ಕಿ ಕಣ್ಣಾರೆ ನೋಡಿದರು.

ಕಂಪನಿ ಹೇಗೋ ಉಳಿಯಿತು. 1928ರಲ್ಲಿ ಬಂದ ಎಸ್-38, ನೀರಿನ ಮೇಲೂ ನೆಲದ ಮೇಲೂ ಇಳಿಯುವ ವಿಮಾನ, ಚೆನ್ನಾಗಿ ಮಾರಾಟವಾಯಿತು. ಅದೇ ವರ್ಷ ಅವರು ಅಮೆರಿಕದ ಪ್ರಜೆಯಾದರು. ಮುಂದಿನ ವರ್ಷ ಕಂಪನಿ ಕನೆಕ್ಟಿಕಟ್‌ನ ಸ್ಟ್ರಾಟ್‌ಫರ್ಡ್‌ಗೆ ಹೋಗಿ ಯುನೈಟೆಡ್ ಏರ್‌ಕ್ರಾಫ್ಟ್ ಬಳಗ ಸೇರಿತು. ಪ್ಯಾನ್ ಅಮೆರಿಕನ್ ಸಂಸ್ಥೆಗೆ ಅವರು ಮಾಡಿಕೊಟ್ಟ ಹಾರುವ ದೋಣಿಗಳಲ್ಲಿ ಒಂದರ ಕ್ಯಾಬಿನ್‌ನಲ್ಲಿ ನಡೆದು ಹೋಗುವಾಗ ಮರದ ಬಾಗಿಲು, ನಸುನೀಲಿ ಬೆಳಕು ಕಂಡು, ಚಿಕ್ಕಂದಿನಲ್ಲಿ ಕಂಡ ಕನಸು ಇದೇ ಅಂತ ಅವರಿಗೆ ನೆನಪಾಯಿತು.

ಮತ್ತೆ ಅದೇ ಹಳೇ ಹುಚ್ಚು

1938ರ ಹೊತ್ತಿಗೆ ಆ ದೋಣಿಗಳ ಕಾಲ ಮುಗಿಯುತ್ತಾ ಬಂತು. ಆರ್ಡರುಗಳು ಬೇರೆಯವರ ಪಾಲಾದವು. ಆಡಳಿತ ಮಂಡಳಿ ಸಿಕೋರ್ಸ್ಕಿ ವಿಭಾಗವನ್ನ ಮುಚ್ಚೋ ನಿರ್ಧಾರ ತಿಳಿಸೋಕೆ ಅವರನ್ನ ಕರೆಯಿತು. ಅವರು ಒಂದೇ ಒಂದು ಬೇಡಿಕೆ ಇಟ್ಟರು. ನನ್ನ ಸಣ್ಣ ತಂಡವನ್ನ ಚದುರಿಸಬೇಡಿ, ನಮಗೆ ಒಂದು ಹೆಲಿಕಾಪ್ಟರ್ ಕಟ್ಟೋಕೆ ಬಿಡಿ. ಮಂಡಳಿ ಒಪ್ಪಿತು. ಕೆಲಸ ಕಳೆದುಕೊಳ್ಳೋ ಸಭೆಯಿಂದ ಅವರು ಇಪ್ಪತ್ತೊಂಬತ್ತು ವರ್ಷ ಹಳೇ ಕೆಲಸ ತಗೊಂಡು ಹೊರಗೆ ಬಂದರು.

ಹೆಲಿಕಾಪ್ಟರ್ ಯಾಕೆ ಅಷ್ಟು ಕಷ್ಟ? ಮೆಕ್ಯಾನಿಕಲ್‌ನವರಿಗೆ ಗೊತ್ತು, ಉಳಿದವರಿಗಾಗಿ ಎರಡು ಮಾತು. ಎಂಜಿನ್ ಮೇಲಿನ ರೋಟರನ್ನ ಒಂದು ದಿಕ್ಕಿಗೆ ತಿರುಗಿಸಿದರೆ ನ್ಯೂಟನ್‌ನ ಮೂರನೇ ನಿಯಮದಂತೆ ಕೆಳಗಿನ ಒಡಲು ಎದುರು ದಿಕ್ಕಿಗೆ ತಿರುಗೋಕೆ ನೋಡುತ್ತೆ. ಮುಂದಕ್ಕೆ ಹಾರುವಾಗ ಒಂದು ಬದಿಯ ಅಲಗು ಗಾಳಿಗೆ ಎದುರಾಗಿ ಬರುತ್ತೆ, ಇನ್ನೊಂದು ಬದಿಯದು ಗಾಳಿಯ ಜೊತೆ ಹಿಂದಕ್ಕೆ ಸರಿಯುತ್ತೆ, ಹಾಗಾಗಿ ಎರಡೂ ಬದಿ ಒಂದೇ ಸಮ ಎತ್ತುವುದಿಲ್ಲ. ಜೊತೆಗೆ ತಿರುಗುವ ರೋಟರ್ ಒಂದು ದೊಡ್ಡ ಜೈರೋಸ್ಕೋಪ್, ಒಂದು ಕಡೆ ತಳ್ಳಿದರೆ ಸುಮಾರು ತೊಂಬತ್ತು ಡಿಗ್ರಿ ಆಚೆ ವಾಲುತ್ತೆ. ಇದರ ಮೇಲೆ ನಡುಕ ಬೇರೆ.

ಹಲವರು ಎರಡು ರೋಟರ್ ಹಾಕಿ ಎದುರು ಬದುರು ತಿರುಗಿಸಿ ಮೊದಲ ತೊಂದರೆ ದಾಟಿದರು. ಸಿಕೋರ್ಸ್ಕಿ ಆರಿಸಿಕೊಂಡದ್ದು ಮೇಲೆ ಒಂದೇ ದೊಡ್ಡ ರೋಟರ್, ಬಾಲದ ತುದಿಯಲ್ಲಿ ಅಡ್ಡಕ್ಕೆ ತಿರುಗುವ ಒಂದು ಸಣ್ಣ ರೋಟರ್. ಸಣ್ಣದು ಬಾಲವನ್ನ ಪಕ್ಕಕ್ಕೆ ತಳ್ಳುತ್ತಾ ಒಡಲು ತಿರುಗದಂತೆ ಹಿಡಿಯುತ್ತೆ. ಸ್ವಲ್ಪ ಶಕ್ತಿ ಅದಕ್ಕೇ ಖರ್ಚಾದರೂ ಯಂತ್ರ ಸರಳ. ಇಂಥ ವಿನ್ಯಾಸಕ್ಕೆ ಅವರು 1931ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರು.

1939ರ ಸೆಪ್ಟೆಂಬರ್ 14. ಯುರೋಪಿನಲ್ಲಿ ಎರಡನೇ ಮಹಾಯುದ್ಧ ಶುರುವಾಗಿ ಎರಡು ವಾರ. ಸ್ಟ್ರಾಟ್‌ಫರ್ಡ್‌ನಲ್ಲಿ ವಿಎಸ್-300 ಎಂಬ ಯಂತ್ರ, ಪೈಪುಗಳ ಚೌಕಟ್ಟು, 75 ಅಶ್ವಶಕ್ತಿಯ ಎಂಜಿನ್, ಮುಂದೆ ತೆರೆದ ಸೀಟು. ಐವತ್ತರ ಸಿಕೋರ್ಸ್ಕಿ ತಲೆಗೆ ಎಂದಿನ ಹ್ಯಾಟು ಹಾಕಿಕೊಂಡು ತಾವೇ ಕೂತರು. ಉರುಳದಿರಲಿ ಅಂತ ಯಂತ್ರಕ್ಕೆ ಹಗ್ಗ ಕಟ್ಟಿ ಭಾರ ತೂಗಿಬಿಟ್ಟಿದ್ದರು. ಚಕ್ರಗಳು ನೆಲ ಬಿಟ್ಟು ಕೆಲವು ಅಂಗುಲ ಎದ್ದು, ಕೆಲವು ಸೆಕೆಂಡು ನಿಂತು, ಇಳಿದವು. ನೋಡೋಕೆ ಅಷ್ಟೇ.

ಡಿಸೆಂಬರಿನಲ್ಲಿ ಗಾಳಿಯ ಹೊಡೆತಕ್ಕೆ ಅದು ಮಗುಚಿ ಮುರಿಯಿತು. ತಂಡ ನಿಯಂತ್ರಣ ವ್ಯವಸ್ಥೆಯನ್ನೇ ಬದಲಿಸಿ ಬಾಲದಲ್ಲಿ ಮೂರು ಸಣ್ಣ ರೋಟರ್ ಹಾಕಿತು. 1940ರ ಮೇ 13ರಂದು ಹಗ್ಗವಿಲ್ಲದೆ ಹಾರಿತು. ಆಗಲೂ ಒಂದು ತಮಾಷೆ ಉಳಿದಿತ್ತು. ಯಂತ್ರ ಮೇಲಕ್ಕೆ, ಹಿಂದಕ್ಕೆ, ಪಕ್ಕಕ್ಕೆ ಸೊಗಸಾಗಿ ಹೋಗ್ತಿತ್ತು, ಮುಂದಕ್ಕೆ ಮಾತ್ರ ಸರಿಯಾಗಿ ಹೋಗ್ತಿರಲಿಲ್ಲ! ಕಂಪನಿಯ ಹಿರಿಯರು ಯಾಕೆ ಅಂತ ಕೇಳಿದಾಗ, ಅದೊಂದು ಸಣ್ಣ ಎಂಜಿನಿಯರಿಂಗ್ ತೊಡಕು, ಇನ್ನೂ ಬಿಡಿಸಿಲ್ಲ ಅಂತ ಸಿಕೋರ್ಸ್ಕಿ ವಿನಯದಿಂದ ಒಪ್ಪಿಕೊಂಡರಂತೆ. ಪ್ರಾಜೆಕ್ಟ್ ವೈವಾಗೆ ಹೋಗೋ ಗೆಳೆಯರು ಈ ಉತ್ತರ ನೆನಪಿಟ್ಟುಕೊಳ್ಳಬಹುದು. 1941ರ ಮೇ 6ರಂದು ಅದೇ ಯಂತ್ರ 1 ಗಂಟೆ 32 ನಿಮಿಷ ಗಾಳಿಯಲ್ಲಿದ್ದು ಜರ್ಮನಿಯ ದಾಖಲೆ ಮುರಿಯಿತು. ಆ ವರ್ಷದ ಕೊನೆಗೆ ಒಂದು ಮುಖ್ಯ ರೋಟರ್, ಒಂದು ಬಾಲದ ರೋಟರ್ ಅನ್ನೋ ಮೊದಲಿನ ರೂಪಕ್ಕೇ ಬಂದು ನಿಂತಿತು. ಈ ಸಲ ಅಲಗುಗಳ ಕೋನವನ್ನ ಪ್ರತಿ ಸುತ್ತಿನಲ್ಲೂ ಹೆಚ್ಚು ಕಡಿಮೆ ಮಾಡುವ ಸೈಕ್ಲಿಕ್ ನಿಯಂತ್ರಣ ಮಾತು ಕೇಳಿತು.

ರಕ್ತ, ಬಿರುಗಾಳಿ, ಹಗ್ಗ

ಮುಂದಿನ ಯಂತ್ರ ಆರ್-4. 1942ರಲ್ಲಿ ಅದು ಸ್ಟ್ರಾಟ್‌ಫರ್ಡ್‌ನಿಂದ ಓಹಾಯೋದ ರೈಟ್ ಫೀಲ್ಡ್‌ವರೆಗೆ 761 ಮೈಲಿ ನಿಂತು ನಿಂತು ಹೋಯಿತು. ಅದನ್ನ ನೋಡೋಕೆ ಆರ್ವಿಲ್ ರೈಟ್ ಅಲ್ಲಿದ್ದರು. ಕಟ್ಟಿಸಿಕೊಂಡದ್ದು ಸೈನ್ಯ. ಆದರೆ ಅದು ಹೆಸರು ಮಾಡಿದ್ದು ಕೊಂದದ್ದಕ್ಕಲ್ಲ, ಉಳಿಸಿದ್ದಕ್ಕೆ. 1944ರ ಜನವರಿ 3ರಂದು ನ್ಯೂಯಾರ್ಕ್ ಹತ್ತಿರ ಟರ್ನರ್ ಎಂಬ ಯುದ್ಧನೌಕೆ ಸ್ಫೋಟಗೊಂಡು ನೂರಾರು ಜನ ಸುಟ್ಟುಕೊಂಡರು. ಹಿಮ ಬಿರುಗಾಳಿಗೆ ಯಾವ ವಿಮಾನವೂ ಏಳುವಂತಿರಲಿಲ್ಲ. ಕರಾವಳಿ ಕಾವಲು ಪಡೆಯ ಫ್ರಾಂಕ್ ಎರಿಕ್‌ಸನ್ ರಕ್ತದ ಪ್ಲಾಸ್ಮಾ ಪೆಟ್ಟಿಗೆಗಳನ್ನ ಆರ್-4ಕ್ಕೆ ಕಟ್ಟಿಕೊಂಡು, ಹದಿನಾಲ್ಕು ನಿಮಿಷದಲ್ಲಿ ಸ್ಯಾಂಡಿ ಹುಕ್ ಆಸ್ಪತ್ರೆಗೆ ತಲುಪಿಸಿದರು.

ಅದೇ ವರ್ಷ ಏಪ್ರಿಲ್‌ನಲ್ಲಿ ನಡೆದದ್ದಕ್ಕೆ ನಮ್ಮ ದೇಶದ ನಂಟಿದೆ. ಬರ್ಮಾ ಕಾಡಿನಲ್ಲಿ ಸಣ್ಣ ವಿಮಾನವೊಂದು ಬಿದ್ದು, ಪೈಲಟ್ ಮತ್ತು ಗಾಯಗೊಂಡ ಮೂವರು ಬ್ರಿಟಿಷ್ ಸೈನಿಕರು ಶತ್ರುಗಳ ನಡುವೆ ಸಿಕ್ಕಿಕೊಂಡಿದ್ದರು. ಅಸ್ಸಾಮಿನ ಲಾಲಾಘಾಟ್ ನೆಲೆಯಿಂದ ಕಾರ್ಟರ್ ಹಾರ್ಮನ್ ಎಂಬ ಯುವ ಪೈಲಟ್ ಆರ್-4 ತಗೊಂಡು ಹೊರಟ. ಬಿಸಿ ಗಾಳಿ ತೆಳುವಾಗಿರುತ್ತೆ, ರೋಟರ್‌ಗೂ ಎಂಜಿನ್‌ಗೂ ಬಲ ಸಾಲದು, ಎಂಜಿನ್ ಪದೇ ಪದೇ ಕಾದುಹೋಗ್ತಿತ್ತು. ಒಂದು ಸಲಕ್ಕೆ ಒಬ್ಬರನ್ನಷ್ಟೇ ಎತ್ತಬಹುದು. ಹಾಗೇ ಒಬ್ಬೊಬ್ಬರಾಗಿ ನಾಲ್ವರನ್ನೂ ತಂದ.

1945ರ ನವೆಂಬರ್ 29ರದ್ದು ಯುದ್ಧಕ್ಕೆ ಸಂಬಂಧವೇ ಇಲ್ಲದ್ದು. ಕನೆಕ್ಟಿಕಟ್ ತೀರದಲ್ಲಿ ಬಿರುಗಾಳಿಗೆ ಒಂದು ಎಣ್ಣೆ ದೋಣಿ ಕಟ್ಟು ಕಿತ್ತುಕೊಂಡು ಬಂಡೆಗೆ ಸಿಕ್ಕಿ ಒಡೆಯುತ್ತಿತ್ತು. ಮೇಲೆ ಇಬ್ಬರು. ಯಾವ ದೋಣಿಯೂ ಹತ್ತಿರ ಹೋಗಲಾಗದು. ದಡದಿಂದ ಯಾರೋ ಹತ್ತಿರದ ಸಿಕೋರ್ಸ್ಕಿ ಕಾರ್ಖಾನೆಗೆ ಫೋನ್ ಮಾಡಿದರು. ಸಿಕೋರ್ಸ್ಕಿಯ ಸೋದರಳಿಯ, ಕಂಪನಿಯ ಮುಖ್ಯ ಪರೀಕ್ಷಾ ಪೈಲಟ್ ಜಿಮ್ಮಿ ವೈನರ್, ಸೈನ್ಯದ ಒಬ್ಬ ಅಧಿಕಾರಿಯನ್ನ ಜೊತೆಗೆ ಹತ್ತಿಸಿಕೊಂಡು, ಪ್ರಯೋಗಕ್ಕೆಂದು ಎತ್ತುಯಂತ್ರ ಜೋಡಿಸಿದ್ದ ಆರ್-5ರಲ್ಲಿ ಹೊರಟ. ಮೊದಲನೆಯವರನ್ನ ಮೇಲೆಳೆದು ದಡಕ್ಕೆ ಬಿಟ್ಟದ್ದಾಯ್ತು. ಎರಡನೆಯವರನ್ನ ಎಳೆಯುವಾಗ ಎತ್ತುಯಂತ್ರ ಅರ್ಧಕ್ಕೆ ಕಚ್ಚಿಕೊಂಡಿತು. ಮನುಷ್ಯ ಬಾಗಿಲ ಹೊರಗೆ ತೂಗಾಡ್ತಾ ಇದ್ದಾನೆ, ಕೆಳಗೆ ಕುದಿಯುವ ಸಮುದ್ರ. ಹಾಗೇ ತೂಗಿಸಿಕೊಂಡು ಮರಳ ದಂಡೆಗೆ ತಂದು ಇಳಿಸಿದರು. ನಾಗರಿಕರನ್ನ ಹೆಲಿಕಾಪ್ಟರಿನ ಹಗ್ಗದಿಂದ ಎತ್ತಿ ಉಳಿಸಿದ್ದು ಅದೇ ಮೊದಲು.

ಹೆಲಿಕಾಪ್ಟರ್ ಟಿಕೆಟ್

1946ರಲ್ಲಿ ಅಮೆರಿಕದಲ್ಲಿ ನಾಗರಿಕ ಬಳಕೆಗೆ ಪ್ರಮಾಣಪತ್ರ ಪಡೆದ ಮೊದಲ ಹೆಲಿಕಾಪ್ಟರ್ ಬೆಲ್ 47. ಅದೇ ವರ್ಷ ಸಿಕೋರ್ಸ್ಕಿಯ ಎಸ್-51 ಕೂಡ ಖಾಸಗಿಯವರಿಗೆ ಮಾರಾಟವಾಯಿತು. 1947ರ ಅಕ್ಟೋಬರಿನಲ್ಲಿ ಲಾಸ್ ಏಂಜಲೀಸ್ ಏರ್‌ವೇಸ್ ಎಸ್-51ರಲ್ಲಿ ಅಂಚೆ ಚೀಲ ಹೊರೋಕೆ ಶುರು ಮಾಡಿತು. 1950ರ ಜೂನ್ 1ರಂದು ಬ್ರಿಟನ್ನಿನಲ್ಲಿ ಕಾರ್ಡಿಫ್-ಲಿವರ್‌ಪೂಲ್ ನಡುವೆ ಎಸ್-51ಗಳು ವೇಳಾಪಟ್ಟಿ ಪ್ರಕಾರ ಪ್ರಯಾಣಿಕರನ್ನ ಹೊತ್ತವು. 1953ರಲ್ಲಿ ನ್ಯೂಯಾರ್ಕ್ ಏರ್‌ವೇಸ್ ಎಸ್-55ರಲ್ಲಿ ವಿಮಾನ ನಿಲ್ದಾಣಗಳ ನಡುವೆ ಜನರನ್ನ ಸಾಗಿಸಿತು. ಅದೇ ವರ್ಷ ಸೆಪ್ಟೆಂಬರ್ 1ರಿಂದ ಬೆಲ್ಜಿಯಂನ ಸಬೇನಾ ಸಂಸ್ಥೆ ಬ್ರಸೆಲ್ಸ್‌ನಿಂದ ಪಕ್ಕದ ದೇಶಗಳ ಊರುಗಳಿಗೆ ಹೆಲಿಕಾಪ್ಟರ್ ಓಡಿಸಿತು. ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿದ ಹಾಗೆ ಊರ ನಡುವೆ ಹತ್ತಿ, ಇನ್ನೊಂದು ದೇಶದ ಊರ ನಡುವೆ ಇಳಿಯೋದು! ಭಾರತದ ವಾಯುಪಡೆಗೆ 1954ರಲ್ಲಿ ಬಂದ ಮೊದಲ ಹೆಲಿಕಾಪ್ಟರ್‌ಗಳೂ ಎಸ್-55ಗಳೇ.

ಹೆಲಿಕಾಪ್ಟರ್ ಜನಸಾಮಾನ್ಯರ ವಾಹನ ಆಗುತ್ತೆ ಅಂತ ಸಿಕೋರ್ಸ್ಕಿ ನಿಜವಾಗಿ ನಂಬಿದ್ದರು, 1942ರಲ್ಲೇ ಹಾಗಂತ ಲೇಖನವನ್ನೂ ಬರೆದಿದ್ದರು. ಅದು ನಡೆಯಲಿಲ್ಲ. ನಿಂತಲ್ಲೇ ನಿಲ್ಲೋಕೆ ಸುರಿಯಬೇಕಾದ ಇಂಧನ, ಗಂಟೆ ಲೆಕ್ಕದಲ್ಲಿ ಬದಲಿಸಬೇಕಾದ ಬಿಡಿಭಾಗಗಳು, ಕಿವಿ ತೂತಾಗುವ ಸದ್ದು, ಕಾರಿನಷ್ಟು ಸುಲಭಕ್ಕೆ ಕಲಿಯಲಾಗದ ಚಾಲನೆ. ಅಮೆರಿಕದ ಹೆಲಿಕಾಪ್ಟರ್ ಸಂಸ್ಥೆಗಳು ಸರ್ಕಾರದ ಸಬ್ಸಿಡಿಯಲ್ಲಿ ಉಸಿರಾಡುತ್ತಿದ್ದವು, 1965ರಲ್ಲಿ ಅದು ನಿಂತಿತು. ಸಬೇನಾ 1966ರಲ್ಲಿ ತನ್ನ ಸೇವೆ ಮುಗಿಸಿತು.

ಇದಕ್ಕಿಂತ ಕಹಿಯಾದದ್ದೂ ಇದೆ. 1968ರಲ್ಲಿ ಲಾಸ್ ಏಂಜಲೀಸ್ ಏರ್‌ವೇಸ್‌ನ ಎರಡು ಎಸ್-61ಗಳು ಮೂರು ತಿಂಗಳ ಅಂತರದಲ್ಲಿ ಬಿದ್ದವು. ಮೇ ತಿಂಗಳಲ್ಲಿ 23 ಜನ, ಆಗಸ್ಟ್‌ನಲ್ಲಿ 21 ಜನ ಸತ್ತರು. ಎರಡನೆಯದರಲ್ಲಿ ಅಲಗನ್ನ ಹಿಡಿದಿದ್ದ ಸ್ಪಿಂಡಲ್ ಲೋಹದ ಆಯಾಸದಿಂದ ಮುರಿದಿತ್ತು. ಫಟೀಗ್ ಅಂತ ನಾವು ಪರೀಕ್ಷೆಗೆ ಎಸ್-ಎನ್ ಕರ್ವ್ ಬರೀತೀವಲ್ಲ, ಅದರ ಅರ್ಥ ಇದು. ಕಣ್ಣಿಗೆ ಕಾಣದ ಬಿರುಕೊಂದು ಪ್ರತಿ ಸುತ್ತಿಗೂ ಕೂದಲೆಳೆಯಷ್ಟು ಬೆಳೆಯುತ್ತಾ ಹೋಗೋದು. ಸಿಕೋರ್ಸ್ಕಿ ಆಗ ಬದುಕಿದ್ದರು, ಎಪ್ಪತ್ತೊಂಬತ್ತು ವರ್ಷ. 1957ರಲ್ಲೇ ನಿವೃತ್ತರಾಗಿದ್ದರೂ ಸಲಹೆಗಾರರಾಗಿ ಕಚೇರಿಗೆ ಬರುತ್ತಲೇ ಇದ್ದರು. ಆ ಯಂತ್ರದ ಮೇಲಿದ್ದದ್ದು ಅವರ ಹೆಸರು.

ಉಳಿದದ್ದು

ಅವರನ್ನ ಹತ್ತಿರದಿಂದ ಕಂಡವರು ಮೃದು ಮಾತಿನ, ಹಳೇ ಕಾಲದ ಸಭ್ಯತೆಯ ಮನುಷ್ಯ ಅಂತಲೇ ನೆನೆಯುತ್ತಾರೆ. ದೈವಭಕ್ತರು, ಧರ್ಮದ ಬಗ್ಗೆ ಪುಸ್ತಕಗಳನ್ನೂ ಬರೆದರು. ರಷ್ಯಾದಲ್ಲಿ ಉಳಿದಿದ್ದ ಮಗಳು ಕೊನೆಗೆ ಅವರ ಅಕ್ಕಂದಿರ ಜೊತೆ ಅಮೆರಿಕಕ್ಕೆ ಬಂದು ಸೇರಿದಳು. ಎರಡನೇ ಮದುವೆಯಿಂದ ನಾಲ್ವರು ಗಂಡುಮಕ್ಕಳು. ಹೆಲಿಕಾಪ್ಟರಿನಿಂದ ಜೀವ ಉಳಿಸಿದ ಪೈಲಟ್‌ಗಳಿಗೆ ಕಂಪನಿ 1950ರಿಂದ ಗೌರವ ಕೊಡುತ್ತಾ ಬಂತು. ತಾವು ಕಟ್ಟಿದ ಎಲ್ಲದರಲ್ಲಿ ಅವರಿಗೆ ಹೆಚ್ಚು ಸಮಾಧಾನ ಕೊಟ್ಟದ್ದು ಆ ಪಾರು ಮಾಡಿದ ಜೀವಗಳೇ. 1972ರ ಅಕ್ಟೋಬರ್ 26ರಂದು ಕನೆಕ್ಟಿಕಟ್‌ನ ಈಸ್ಟನ್‌ನಲ್ಲಿ, ಎಂಬತ್ಮೂರನೇ ವಯಸ್ಸಿನಲ್ಲಿ ತೀರಿಕೊಂಡರು.

ಐದು ವರ್ಷದ ನಂತರ, 1977ರ ಮೇ 16ರಂದು, ನ್ಯೂಯಾರ್ಕಿನ ಪ್ಯಾನ್ ಆಮ್ ಕಟ್ಟಡದ ತಾರಸಿಯಲ್ಲಿ ಪ್ರಯಾಣಿಕರು ಹತ್ತುತ್ತಿದ್ದ ಎಸ್-61ರ ಚಕ್ರದ ಕಾಲು ಮುರಿದು ಹೆಲಿಕಾಪ್ಟರ್ ಮಗ್ಗುಲಾಯಿತು. ಕಾರಣ ಮತ್ತೆ ಲೋಹದ ಆಯಾಸ. ತಿರುಗುತ್ತಿದ್ದ ಅಲಗು ತಾರಸಿಯ ಮೇಲೆ ನಾಲ್ವರನ್ನ, ಕೆಳಗೆ ರಸ್ತೆಯಲ್ಲಿ ನಡೆದು ಹೋಗುತ್ತಿದ್ದ ಒಬ್ಬರನ್ನ ಕೊಂದಿತು. ಆ ತಾರಸಿಯಿಂದ ಹೆಲಿಕಾಪ್ಟರ್ ಮತ್ತೆ ಏಳಲಿಲ್ಲ. ಆಮೇಲೆ ಹೆಲಿಕಾಪ್ಟರ್ ಹೋಗಿ ನೆಲೆಯಾದದ್ದು ಬೇರೆ ವಾಹನ ಹೋಗಲಾಗದ ಕಡೆ. ಸಮುದ್ರದ ತೈಲ ವೇದಿಕೆಗಳಿಗೆ, ಬೆಟ್ಟದ ಹಳ್ಳಿಗಳಿಗೆ, ಆಸ್ಪತ್ರೆಗಳಿಗೆ, ನೆರೆಯ ಊರುಗಳಿಗೆ.

ಈ ಕಥೆಯಲ್ಲಿ ನಮ್ಮನ್ನ ಹಿಡಿದದ್ದು ಗೆಲುವಲ್ಲ. ಇಪ್ಪತ್ತೊಂದಕ್ಕೆ ಸೋತಾಗ ಅವರು ಹಣೆಬರಹ ಅನ್ನಲಿಲ್ಲ, ಹಠಕ್ಕೆ ಬಿದ್ದು ಮೂರನೆಯದನ್ನೂ ಕಟ್ಟಲಿಲ್ಲ. ಎಂಜಿನ್ ಹಗುರಾಗಬೇಕು, ಲೋಹ ಸುಧಾರಿಸಬೇಕು, ನಾನೂ ಕಲಿಯಬೇಕು ಅಂತ ಲೆಕ್ಕ ಹಾಕಿ ಬದಿಗಿಟ್ಟರು. ಮರೆಯಲೂ ಇಲ್ಲ. ಬ್ಯಾಕ್‌ಲಾಗ್ ಅಂದ ಕೂಡಲೇ ಬದುಕೇ ಮುಗೀತು ಅನ್ನೋ ಗೆಳೆಯರು ನಮ್ಮ ನಡುವೆ ಇದ್ದಾರೆ. ಅವರಿಗೆ ಈ ಇಪ್ಪತ್ತೊಂಬತ್ತು ವರ್ಷದ ಬ್ಯಾಕ್‌ಲಾಗ್ ಕಥೆ ಹೇಳಿ.

2023ರ ಫೆಬ್ರುವರಿಯಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಶುರುವಾಯಿತು. ನಮ್ಮಲ್ಲಿ ಕೆಲವರು ನಾಳೆ ಅಲ್ಲಿ ಕೆಲಸಕ್ಕೂ ಸೇರಬಹುದು. ಅಲ್ಲಿಂದ ಬರುವ ಯಂತ್ರದಲ್ಲೂ ಮೇಲೆ ಒಂದು ದೊಡ್ಡ ರೋಟರ್, ಬಾಲದಲ್ಲಿ ಒಂದು ಸಣ್ಣದು. ಆ ಸಣ್ಣದನ್ನ ಹಿಡಿದಿರುವ ಬೋಲ್ಟನ್ನ ಪರೀಕ್ಷಿಸುವ ಸರದಿ ನಮ್ಮಲ್ಲಿ ಯಾರದಾದರೂ ಬಂದರೆ, ಸಂಜೆ ಎಷ್ಟೇ ಹೊತ್ತಾಗಿರಲಿ, ಇನ್ನೊಂದು ಸಲ ನೋಡಿಬಿಡೋಣ.